ಕಾಂಚನಜುಂಗಾ ಮತ್ತು ನಮ್ಮ ಹೊಲದ ದೊಣೆ

ಒಂದು ಕಾಲು ಭಾರತದಲ್ಲಿ, ಇನ್ನೊಂದು ಕಾಲು ನೇಪಾಳದಲ್ಲಿ ಊರಿ ನಿಂತ ದಿನ ನನಗೆ ಅರವತ್ತಮೂರು ವರ್ಷ. ಮಂಡಿಯಲ್ಲಿ ನೋವಿತ್ತು, ತಲೆಯ ಮೇಲೆ ಮಂಕಿ ಕ್ಯಾಪು ಇತ್ತು, ಮೂಗು ಸೋರುತ್ತಿತ್ತು. ಆದರೂ ಕುಣಿಯಬೇಕು ಅನ್ನಿಸಿತು. ಸುತ್ತ ನಮ್ಮ ಕಡೆಯ ಜನ ಇಲ್ಲದಿದ್ದರೆ ಕುಣಿದೇ ಬಿಡುತ್ತಿದ್ದೆ.

ನಾನು ಸರ್ವೇಯರ್ ಆಗಿದ್ದವನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹೊಲ, ಗದ್ದೆ, ತೋಟಗಳಲ್ಲಿ ಮೂವತ್ತೈದು ವರ್ಷ ಅಳತೆಯ ಸರಪಳಿ ಎಳೆದಿದ್ದೇನೆ. ಅಣ್ಣತಮ್ಮಂದಿರ ಬದು ಅಳೆದಿದ್ದೇನೆ, ಊರೂರ ಗಡಿ ಅಳೆದಿದ್ದೇನೆ, ಸುಡುಗಾಡನ್ನೂ ಅಳೆದಿದ್ದೇನೆ. ಗಡಿ ತೋರಿಸಲು ನೆಡುವ ಕಲ್ಲಿಗೆ ನಮ್ಮಲ್ಲಿ ಬಾಂದುಕಲ್ಲು ಅನ್ನುತ್ತಾರೆ. ನೂರು ವರ್ಷ ಹಳೆಯ ನಕ್ಷೆಯೊಂದನ್ನು ಕೈಯಲ್ಲಿ ಹಿಡಿದು, ಮಣ್ಣಿನಡಿ ಹೂತುಹೋದ ಬಾಂದುಕಲ್ಲನ್ನು 'ಇಲ್ಲಿ ಅಗೆಯಿರಿ' ಅಂತ ತೋರಿಸಿ, ಹಾರೆಗೆ ಅದು ಠಣ್ ಅಂದಾಗ ಆಗುವ ಸಂತೋಷ ಇನ್ನೊಬ್ಬ ಸರ್ವೇಯರಿಗೇ ಗೊತ್ತು. ಅಂಥವನಿಗೆ ಎರಡು ದೇಶಗಳ ಬಾಂದುಕಲ್ಲು ಸಿಕ್ಕರೆ ಹೇಗಾಗಬೇಡ ಹೇಳಿ.

ಪ್ರವಾಸದ ಯೋಚನೆ ನನ್ನದಲ್ಲ, ಹೆಂಡತಿಯದು. ಕಾಶಿ, ಗಯಾ, ಪಶುಪತಿನಾಥ. ಹದಿನೆಂಟು ದಿನ, ಒಂದೇ ಬಸ್ಸು, ನಮ್ಮ ಊಟ ಮಾಡಿಹಾಕಲು ನಮ್ಮ ಕಡೆಯ ಅಡುಗೆಯವರು. ಕಾರ್ತೀಕ ಮುಗಿದ ಮೇಲೆ ಹೊರಡುವುದು ಅಂತಾಯಿತು. ನನಗೆ ದೇವರಿಗಿಂತ ನಕ್ಷೆಯ ಮೇಲೆ ಒಂದು ಗುಂಜಿ ಹೆಚ್ಚು ಭಕ್ತಿ. ಹೊನ್ನಾಳಿಯ ಮನೆಯ ನಡುಮನೆಯಲ್ಲಿ ನಕ್ಷೆ ಹರಡಿ ಕೂತೆ. ಗಯಾದಿಂದ ಬಸ್ಸು ಸಿಲಿಗುರಿಗೆ ಹೋಗಿ ನೇಪಾಳಕ್ಕೆ ತಿರುಗುತ್ತದೆ. ಸಿಲಿಗುರಿಯ ಮೇಲ್ಗಡೆ ಒಂದು ಬೆಟ್ಟದ ಸಾಲು. ಆ ಸಾಲಿನ ನೆತ್ತಿಯ ಮೇಲೇ ದೇಶದ ಗಡಿಗೆರೆ. ಗೆರೆಯ ಜೊತೆಜೊತೆಗೆ ಬೆರಳು ಓಡಿಸಿಕೊಂಡು ಮೇಲೆ ಹೋದರೆ ಕಾಂಚನಜುಂಗಾ. ಗೆರೆ ಆ ಪರ್ವತದ ಪಕ್ಕದಲ್ಲಿ ಸುತ್ತಿಕೊಂಡು ಹೋಗಿರಲಿಲ್ಲ, ನೇರ ಶಿಖರದ ಮೇಲೇ ಹಾದಿತ್ತು. ಅರ್ಧ ಅವರದು, ಅರ್ಧ ನಮ್ಮದು.

ಅಲ್ಲಿಂದ ಮುಂದೆ ನಾನು ಸುಮ್ಮನಿರಲಿಲ್ಲ. ಪ್ರವಾಸ ಕರೆದೊಯ್ಯುವವರಿಗೆ ದಿನಕ್ಕೆ ಎರಡು ಸಲ ಫೋನು ಮಾಡಿದೆ. ಕೊನೆಗೆ ಅವರು, "ಆತು ಬಿಡ್ರಿ ಸರ್ವೇಯರ್ರೇ, ಬಸ್ಸು ಮೇಲೆ ಹತ್ತಲ್ಲ, ಬೇಕಾದೋರಿಗೆ ಜೀಪು ಮಾಡಿಸ್ತೀನಿ. ಒಂದು ದಿನ ಅಷ್ಟೆ," ಅಂದರು. ನನಗೆ ಒಂದು ದಿನವೇ ಸಾಕಾಗಿತ್ತು.

ಬಸ್ಸು ನ್ಯಾಮತಿಯಲ್ಲಿ ಹೊರಟು, ಹೊನ್ನಾಳಿಯಲ್ಲಿ ನಮ್ಮನ್ನು ಹತ್ತಿಸಿಕೊಂಡು, ಚನ್ನಗಿರಿ ಮುಟ್ಟಿ ಜಗಳೂರಿಗೆ ಬಂತು. ಅಷ್ಟರಲ್ಲಿ ನಾನು ಪಕ್ಕದ ಸೀಟಿನ ಸವಳಂಗದ ರಿಟೈರ್ಡ್ ಕಂಡಕ್ಟರಿಗೆ ಗಡಿ ಅಂದರೇನು ಅಂತ ಒಂದು ತಾಸು ಪಾಠ ಮಾಡಿದ್ದೆ. ಅವರು ಬೌದ್ಧರು, ಗಯಾ ನೋಡುವ ಆಸೆಯಿಂದ ಹೊರಟವರು, ತಾಳ್ಮೆಯ ಮನುಷ್ಯ. ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಾಗಿಲು ತೆರೆಯಿತು. ಮೊದಲು ಒಂದು ದೊಡ್ಡ ಮಂಡಕ್ಕಿ ಚೀಲ ಒಳಗೆ ಬಂತು. ಆಮೇಲೆ ಒಂದು ಕರಿಯ ಕಂಬಳಿ. ಅದರ ಹಿಂದೆ ನನ್ನ ಅಕ್ಕ.

ನನ್ನ ಮಾತು ಅಲ್ಲಿಗೇ ನಿಂತಿತು. ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿಯ ಆಚೆ ಬಹಳ ಮುಖ್ಯವಾದ ಏನನ್ನೋ ನೋಡುತ್ತಿದ್ದಳು. ಈ ಅತ್ತಿಗೆ ನಾದಿನಿ ಇಬ್ಬರೂ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದೆ. ಇಂಥ ಸಂಚು ಮಾಡುತ್ತಾರೆಂದು ಮಾತ್ರ ಗೊತ್ತಿರಲಿಲ್ಲ.

ಅಕ್ಕ ನನ್ನೊಂದಿಗೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಅದಕ್ಕೆ ಕಾರಣ ಒಂದು ದೊಣೆ. ನಮ್ಮ ಹೊಲ ಬಿಳಿಚೋಡಿನ ಕಡೆ ಇದೆ. ಅಕ್ಕನನ್ನು ಕೊಟ್ಟದ್ದು ಸೋದರಮಾವನಿಗೆ, ಅವರ ಹೊಲವೂ ನಮ್ಮದೂ ಒಂದೇ ಬದುವಿನ ಆಚೆ ಈಚೆ. ಆ ಬದುವಿನ ಹತ್ತಿರ ಹಾಸುಬಂಡೆ ಇದೆ. ಬಂಡೆಯಲ್ಲಿ ತಾನಾಗಿ ಆದ ಒಂದು ಕುಳಿ, ಅದೇ ದೊಣೆ. ನಾಲ್ಕು ಮಳೆ ಚೆನ್ನಾಗಿ ಬಿದ್ದರೆ ತುಂಬುತ್ತದೆ, ತುಂಬಿದರೆ ಶಿವರಾತ್ರಿಯವರೆಗೆ ಬತ್ತುವುದಿಲ್ಲ. ಎರಡೂ ಮನೆಯ ಕುರಿ ಅಲ್ಲೇ ನೀರು ಕುಡಿಯುತ್ತಿದ್ದವು. ಅದು ಯಾರ ದೊಣೆ ಅಂತ ನಮ್ಮ ಅಜ್ಜ ಕೇಳಲಿಲ್ಲ, ಅಪ್ಪ ಕೇಳಲಿಲ್ಲ. ಒಂದು ವರ್ಷ ಜಡಿಮಳೆಗೆ ಬದು ಕೊಚ್ಚಿಹೋಯಿತು. ನೇಗಿಲು ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯದೆ ಭಾವ ನನ್ನನ್ನು ಕರೆದರು. "ಬದು ಎಲ್ಲಿತ್ತು ಅಂತ ತೋರ್ಸಿಬಿಡಪ್ಪ. ಆಫೀಸಿಗ್ಯಾಕೆ ಹೋಗಾನ, ಮನೇನಾಗೆ ಸರ್ವೇಯರ್ ಇಟ್ಕಂಡು," ಅಂದರು.

ಅವರು ಕೇಳಿದ್ದು ಬದು. ನಾನು ಹಳೆಯ ನಕ್ಷೆಯ ನಕಲು ತಂದೆ, ಸರಪಳಿ ತಂದೆ. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಅಳೆದು, ಬಂಡೆಯಿಂದ ಆಚೆ ಅಕ್ಕನ ಹೊಲದ ಕಡೆಗೆ ಹನ್ನೊಂದು ಅಡಿಯಲ್ಲಿ ಗುರುತು ಹಾಕಿ, ಅಗೆಯಿರಿ ಅಂದೆ. ಮೂರು ಅಡಿ ಆಳದಲ್ಲಿ ಹಾರೆ ಠಣ್ ಅಂದಿತು. ಅಜ್ಜನ ಕಾಲಕ್ಕೂ ಮುಂಚಿನ ಬಾಂದುಕಲ್ಲು! ಒಂದು ಗೇಣೂ ಆಚೀಚೆ ಇಲ್ಲದೆ ನಾನು ಹೇಳಿದ ಜಾಗದಲ್ಲೇ ಸಿಕ್ಕಿತ್ತು. ಅದನ್ನು ಎತ್ತಿಸಿ, ಸುಣ್ಣ ಬಳಿಸಿ, ಎದ್ದು ಕಾಣುವ ಹಾಗೆ ನೆಡಿಸಿದೆ. ದೊಣೆ ಪೂರ್ತಿ ನಮ್ಮ ಹೊಲದೊಳಗೆ ಬಂತು. ಕಲ್ಲು ಸಿಕ್ಕ ಸಂತೋಷದಲ್ಲಿ ನಾನು ಅಕ್ಕನ ಮುಖ ನೋಡಲೇ ಇಲ್ಲ.

ಅವಳು ಅವತ್ತು ಒಂದೇ ಮಾತು ಅಂದಳು: "ಕಲ್ಲು ಅಲ್ಲೇ ಮಣ್ಣಾಗೆ ಇದ್ರೆ ಏನಾಗ್ತಿತ್ತೋ?"

ನಾನು, "ಇರೋದನ್ನ ಇಲ್ಲ ಅನ್ನಾಕೆ ಆಗುತ್ತೇನಕ್ಕ?" ಅಂದೆ. ಆ ಮಾತಿಗೆ ಇವತ್ತೂ ತಪ್ಪು ಹುಡುಕಲು ಬರುವುದಿಲ್ಲ. ಆದರೆ ಅದೇ ವಾರ ನಮ್ಮ ಹೊಲವನ್ನು ಕೋರಿಗೆ, ಅಂದರೆ ಅರ್ಧ ಬೆಳೆಯ ಕರಾರಿಗೆ ಮಾಡುತ್ತಿದ್ದವನು ಆ ಕಲ್ಲಿನ ನೇರಕ್ಕೆ ಮುಳ್ಳುತಂತಿ ಬಿಗಿದ. ನಾನು ಬೇಡ ಅನ್ನಲಿಲ್ಲ. ಅಕ್ಕನ ಕುರಿ ತಂತಿಯವರೆಗೆ ಬಂದು ಹಿಂದಕ್ಕೆ ಹೋದವು. ಭಾವ ತೀರಿಕೊಂಡಾಗ ಹೋಗಿ ಮಣ್ಣು ಕೊಟ್ಟು ಬಂದೆ. ಆಗಲೂ ಅವಳು ಮಾತಾಡಲಿಲ್ಲ. ನಾನೇ ಮೊದಲು ಮಾತಾಡಬಹುದಿತ್ತು. ನನ್ನ ಕೊಬ್ಬು ಬಿಡಲಿಲ್ಲ.

ಈಗ ಅವಳು ನನಗಿಂತ ಎರಡು ಸೀಟು ಮುಂದೆ, ನನ್ನ ಹೆಂಡತಿಯ ಪಕ್ಕ. ಅವರಿಬ್ಬರೂ ಒಟ್ಟಿಗೆ ಕೂರಲೆಂದು ಕಂಡಕ್ಟರು ದೊಡ್ಡ ಮನಸ್ಸು ಮಾಡಿ ನನ್ನ ಪಕ್ಕವೇ ಉಳಿದರು. ಅಕ್ಕನಿಗೆ ಎಪ್ಪತ್ತಾಗಿತ್ತು. ಈ ಹದಿನೆಂಟು ದಿನದಲ್ಲಿ ಮಾತಾಗದಿದ್ದರೆ ಇನ್ನು ಈ ಜನ್ಮದಲ್ಲಿ ಇಲ್ಲ ಅಂತ ನನ್ನ ಒಳಗೆ ಒಂದು ಹೆದರಿಕೆ ಕೂತಿತು. ಹೆದರಿಕೆ ಕೂತರೂ ಬಾಯಿ ತೆರೆಯಲಿಲ್ಲ. ಅಕ್ಕನ ಮಂಡಕ್ಕಿ ಇಡೀ ಬಸ್ಸಿಗೆ ಹಂಚಿಕೆಯಾಯಿತು. ನನ್ನ ಪಾಲು ಹೆಂಡತಿಯ ಕೈಯಿಂದ ಬಂತು. ಅದರಲ್ಲಿ ಹಸಿಮೆಣಸಿನಕಾಯಿ ಇರಲಿಲ್ಲ. ನನಗೆ ಖಾರ ಆಗದು ಅನ್ನುವುದನ್ನು ಅವಳು ಮರೆತಿರಲಿಲ್ಲ.

ಕಾಶಿಯಲ್ಲಿ ಮಾತಿಲ್ಲ. ಗಂಗೆಯಲ್ಲಿ ಮುಳುಗಿ ಎದ್ದೆವು, ಆಗಲೂ ಇಲ್ಲ. ಗಯಾದಲ್ಲಿ ಕಂಡಕ್ಟರು ಬೋಧಿವೃಕ್ಷದ ಒಂದು ಒಣಗಿದ ಎಲೆ ಎತ್ತಿಕೊಂಡು ಮಗುವಿನ ಹಾಗೆ ಎಲ್ಲರಿಗೂ ತೋರಿಸಿದರು. ಅಕ್ಕ ಅದನ್ನು ಕಣ್ಣಿಗೆ ಒತ್ತಿಕೊಂಡು ಅವರ ಜೊತೆ ಅರ್ಧ ಗಂಟೆ ಮಾತಾಡಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಕಂಬ ನಿಂತ ಹಾಗೆ.

ಸಿಲಿಗುರಿಯಲ್ಲಿ ಬಸ್ಸು ನಿಂತಿತು. ಮೇಲೆ ಬರುವವರು ಯಾರು ಅಂತ ಕೇಳಿದಾಗ ಹೆಚ್ಚಿನವರು ಚಳಿಗೆ ಹೆದರಿ ಹಿಂಜರಿದರು. ನಾನು, ಹೆಂಡತಿ, ಕಂಡಕ್ಟರು, ಚನ್ನಗಿರಿಯ ಒಬ್ಬ ಅಡಿಕೆ ವ್ಯಾಪಾರಿ ಎದ್ದೆವು. ಅಕ್ಕನೂ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದಳು. ಅಡುಗೆಯವರು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು.

ಮಾನೆಭಂಜನ್ ಅನ್ನುವ ಊರು. ಅಯ್ಯೋ, ಆ ಊರನ್ನು ಹೇಗೆ ಹೇಳಲಿ! ಬೀದಿಯ ಒಂದು ಬದಿಯ ಅಂಗಡಿಗಳು ಭಾರತ, ಇನ್ನೊಂದು ಬದಿ ನೇಪಾಳ. ಒಬ್ಬ ಮುದುಕ ನೇಪಾಳದ ಜಗಲಿಯಲ್ಲಿ ಕೂತು ಭಾರತದ ಅಂಗಡಿಯವನ ಜೊತೆ ಹರಟೆ ಹೊಡೆಯುತ್ತಿದ್ದ. ಒಂದು ಕೋಳಿ ನನ್ನ ಕಣ್ಣೆದುರಿಗೇ ಎರಡು ಸಲ ದೇಶ ಬದಲಾಯಿಸಿತು. ನಾನು ಹೆಂಡತಿಯ ಕೈ ಹಿಡಿದೆಳೆದು, "ನೋಡೆ, ನೋಡೆ, ಆ ಚರಂಡಿ ನೋಡು, ಅದೇ ಇರಬೇಕು ಗಡಿ," ಅಂದೆ. "ಚರಂಡಿ ನೋಡಾಕೆ ಇಷ್ಟು ದೂರ ಬಂದ್ವೇನ್ರಿ?" ಅಂದಳು.

ಅಲ್ಲಿ ಕಾವಲಿನವರು ಎಲ್ಲರ ಗುರುತಿನ ಚೀಟಿ ನೋಡುತ್ತಾರೆ. ನಾವು ನಾಲ್ವರೂ ತೋರಿಸಿದೆವು. ಅಕ್ಕನದು ಸಿಗಲಿಲ್ಲ. ಸೆರಗಿನ ಗಂಟಿನಲ್ಲಿ ಇಲ್ಲ, ಎಲೆಅಡಿಕೆ ಚೀಲದಲ್ಲಿ ಇಲ್ಲ. ಚೀಟಿ ಇಲ್ಲದಿದ್ದರೆ ಕೆಳಗೇ ಇರಬೇಕು ಅಂದರು. ಕೊನೆಗೆ ಅಕ್ಕ ಉಳಿದ ಮಂಡಕ್ಕಿಯ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ಓಟಿನ ಚೀಟಿಯನ್ನು ಮೇಲೆತ್ತಿದಳು. ಕಳ್ಳರ ಕೈಗೆ ಸಿಗಬಾರದೆಂದು ಅಲ್ಲಿ ಇಟ್ಟಿದ್ದಳಂತೆ. ಕಾವಲಿನವನು ಚೀಟಿಗೆ ಅಂಟಿದ್ದ ಒಗ್ಗರಣೆಯ ಸಾಸಿವೆ ಒರೆಸಿ ಫೋಟೊ ನೋಡಿದ. ನಾವೆಲ್ಲ ನಕ್ಕೆವು. ಅಕ್ಕ ನಗುತ್ತಲೇ ನನ್ನ ಕಡೆ ತಿರುಗಿ, ನನ್ನನ್ನು ಕಂಡ ಕೂಡಲೇ ನಗು ನುಂಗಿಕೊಂಡಳು. ಅಷ್ಟಾದರೂ ಆಯಿತಲ್ಲ ಅಂದುಕೊಂಡೆ.

ಜೀಪು ಮೋಡದೊಳಗೆ ಹತ್ತಿತು. ತುಮ್ಲಿಂಗ್ ಎಂಬ ನಾಲ್ಕು ಮನೆಗಳ ಜಾಗ ಮುಟ್ಟಿದಾಗ ಮಧ್ಯಾಹ್ನ. ಎದುರಿಗೆ ಮಂಜು ಬಿಟ್ಟರೆ ಏನೂ ಇಲ್ಲ. "ಕಾಂಚನಜುಂಗಾ ಎಲ್ಲೈತ್ರಿ ಸರ್ವೇಯರ್ರೇ?" ಅಂತ ವ್ಯಾಪಾರಿ ಕೇಳಿದರು. ಮಂಜಿನೊಳಗೆ ಕೈ ತೋರಿಸಿದೆ. "ಹತ್ತಿ ಮೂಟೆ ನೋಡಾಕೆ ನಮ್ಮ ದಾವಣಗೆರೆನೇ ಸಾಕಿತ್ತು," ಅಂದರು ಅವರು. ಆದರೆ ನನ್ನ ಉತ್ಸಾಹ ಒಂದು ಚೂರೂ ಕುಂದಿರಲಿಲ್ಲ. ಏಕೆಂದರೆ ದಾರಿಯ ಮಗ್ಗುಲಲ್ಲಿ, ಹುಲ್ಲಿನ ನಡುವೆ, ಅದು ನಿಂತಿತ್ತು. ಬಿಳಿಯ ಕಂಬ. ಮೇಲೆ ನಂಬರು. ಈ ಮುಖ ಭಾರತಕ್ಕೆ, ಆ ಮುಖ ನೇಪಾಳಕ್ಕೆ.

ಮುಟ್ಟಿದೆ. ಅದರ ತಲೆ ಸವರಿದೆ. ಎರಡೂ ಕಡೆ ಕಾಲಿಟ್ಟು ನಿಂತೆ. ಆಮೇಲೆ ನಾನು ಮಾಡಿದ್ದನ್ನು ಬುದ್ಧಿಯಿರುವ ಯಾರೂ ಮಾಡುವುದಿಲ್ಲ, ಸರ್ವೇಯರ್ ಮಾತ್ರ ಮಾಡುತ್ತಾನೆ. ರಿಟೈರ್ ಆದರೂ ನನ್ನ ಕೈಚೀಲದಲ್ಲಿ ಮೂವತ್ತು ಮೀಟರಿನ ಟೇಪು ಇರುತ್ತದೆ, ಕೆಲವರಿಗೆ ಜಪಸರ ಇರುವ ಹಾಗೆ. ಅದನ್ನು ತೆಗೆದೆ. ಒಂದು ತುದಿಯನ್ನು ಕಂಬದ ಬುಡಕ್ಕೆ ಕಲ್ಲಿಟ್ಟು ಒತ್ತಿ, ನಾವು ಉಳಿಯಬೇಕಿದ್ದ ಚಹಾದಂಗಡಿಯ ಬಾಗಿಲಿಗೆ ಎಳೆಯತೊಡಗಿದೆ. ನಮ್ಮ ಹಾಸಿಗೆ ಎರಡು ದೇಶಗಳಲ್ಲಿ ಯಾವುದರಲ್ಲಿ ಬೀಳುತ್ತದೆಂದು ತಿಳಿಯಬೇಕಿತ್ತು, ಅಷ್ಟೇ.

ಮಂಜಿನಿಂದ ಬಂದೂಕಿನ ಒಬ್ಬ ಜವಾನ ಹೊರಗೆ ಬಂದ. "ಕ್ಯಾ ನಾಪ್ ರಹೇ ಹೋ?" ಅಂದ. ಏನು ಅಳೆಯುತ್ತಿದ್ದೀರಿ ಅಂತ. ನನಗೆ ಬರುವ ಹಿಂದಿಯಲ್ಲಿ ಅತ್ಯಂತ ಕೆಟ್ಟ ಉತ್ತರವನ್ನೇ ಆರಿಸಿ ಕೊಟ್ಟೆ. "ಹಮ್ ಸರ್ವೇಯರ್ ಹೈ."

ಅವನ ಮುಖ ಬಿಗಿಯಾಯಿತು. ಟೇಪು ಕೈಗೆ ತೆಗೆದುಕೊಂಡ. ಚೀಲದಲ್ಲಿ ಇನ್ನೇನಿದೆ ಅಂದ. ಚೀಲದಲ್ಲಿ ನಕ್ಷೆ ಇತ್ತು, ಅದರ ಮೇಲೆ ನಾನೇ ಕೆಂಪು ಶಾಯಿಯಲ್ಲಿ ಗೆರೆ ತಿದ್ದಿದ್ದೆ. ದಿಕ್ಸೂಚಿ ಇತ್ತು. ಒಂದೊಂದನ್ನೂ ಹೊರಗೆ ತೆಗೆದ. ರಿಟೈರ್ಡ್ ಅಂದೆ, ಹವ್ಯಾಸ ಅನ್ನಲು ಶೌಕ್ ಅಂದೆ, ಆಮೇಲೆ ಹಿಂದಿಯೇ ಮುಗಿದುಹೋಯಿತು. ಹೆಂಡತಿ ಅಂಗಡಿಯೊಳಗಿದ್ದಳು. ಕಂಡಕ್ಟರೂ ವ್ಯಾಪಾರಿಯೂ ಏನೂ ತೋಚದೆ ನಿಂತರು.

ಆಗ ಕರಿಯ ಕಂಬಳಿ ನನ್ನನ್ನು ಸವರಿಕೊಂಡು ಮುಂದೆ ಹೋಯಿತು. ಅಕ್ಕ ಜವಾನನ ಎದುರಿಗೆ ನಿಂತು, ಬಿಳಿಚೋಡಿನ ಅಪ್ಪಟ ಕನ್ನಡದಲ್ಲಿ ಶುರುಮಾಡಿದಳು.

"ಸಾಹೇಬ್ರೆ, ಇವ್ನು ನನ್ನ ತಮ್ಮ. ನನ್ನ ಬೆನ್ನಿಗೆ ಬಿದ್ದೋನು. ಇವ್ನಿಗೆ ಗಡಿಕಲ್ಲು ಕಂಡ್ರೆ ಕೈ ಸುಮ್ನಿರಾಕಿಲ್ಲ. ಕೆಟ್ಟೋನಲ್ಲ. ಬುದ್ಧಿ ಐತೆ, ಅದನ್ನ ಎಲ್ಲಿ ಉಪಯೋಗಿಸಬೇಕು ಅಂತ ಗೊತ್ತಿಲ್ಲ. ನಮ್ಗೂ ಹಿಂಗೇ ಮಾಡ್ಯಾನೆ. ಹೊಟ್ಟೆಗೆ ಹಾಕ್ಕೊಂಡು ಬಿಟ್ಟುಬಿಡ್ರಿ."

ಜವಾನನಿಗೆ ಒಂದಕ್ಷರವೂ ತಿಳಿದಿರಲಾರದು. ಆದರೆ ತಮ್ಮನ ಪರವಾಗಿ ಬೇಡುವ, ಬೇಡುತ್ತಲೇ ತಮ್ಮನಿಗೆ ಬೈಯುವ ದನಿ ಯಾವ ಊರಲ್ಲಿ ಇರುವುದಿಲ್ಲ? ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಮುಖ ಸಡಿಲವಾಯಿತು. ನಕ್ಷೆಯನ್ನು ಚೀಲಕ್ಕೆ ತುರುಕಿ, ಟೇಪು ಸುತ್ತಿ, ನನಗೆ ಕೊಡದೆ ಅಕ್ಕನ ಕೈಗೆ ಕೊಟ್ಟ. "ಅಮ್ಮಾ, ಇಸ್ಕೋ ಸಂಭಾಲೋ," ಅಂದ. ಇವನನ್ನು ನೋಡಿಕೋ ಅಂತ. ಆಮೇಲೆ ಹೋದ. ಅಕ್ಕ ಟೇಪನ್ನು ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡು, ನನ್ನ ಕಡೆ ತಿರುಗದೆ ಒಳಗೆ ನಡೆದಳು.

ನಾನು ಹುಲ್ಲಿನ ಮೇಲೆ ಕುಸಿದು ಕೂತೆ. ಹೆದರಿಕೆಯಿಂದಲ್ಲ. ಇವ್ನು ನನ್ನ ತಮ್ಮ ಅಂದಿದ್ದಳು. ಹನ್ನೊಂದು ವರ್ಷದ ಮೇಲೆ, ನನಗಲ್ಲದಿದ್ದರೂ ನನ್ನ ಬಗ್ಗೆ, ಬಾಯಿ ತುಂಬ. ಕಂಡಕ್ಟರು ಬಂದು ಪಕ್ಕದಲ್ಲಿ ಕೂತು, "ಅಳ್ತಿದ್ದೀರೇನ್ರಿ?" ಅಂದರು. ಚಳಿಗೆ ಕಣ್ಣಲ್ಲಿ ನೀರು ಬರುತ್ತೆ ಅಂದೆ. ಅವರು ನಂಬಿದವರ ಹಾಗೆ ತಲೆಯಾಡಿಸಿದರು.

ಸಂಜೆ ಚಹಾದಂಗಡಿಯ ಒಲೆಯ ಸುತ್ತ ಕೂತೆವು. ಅಂಗಡಿ ನೇಪಾಳದಲ್ಲಿತ್ತು, ಜೀಪಿನವನು ಹೇಳಿದ. ಅಳೆಯದೆಯೇ ಗೊತ್ತಾಯಿತು. ಅಂಗಡಿಯಾಕೆ ಒಗೆದ ಮೇಜೋಡುಗಳನ್ನು ಒಣಗಿಸಲು ಆ ಬಿಳಿ ಕಂಬಕ್ಕೇ ಸಿಕ್ಕಿಸಿದ್ದಳು. ಅಕ್ಕನೂ ಅವಳೂ ಭಾಷೆಯ ಹಂಗಿಲ್ಲದೆ ಮಾತಿಗೆ ಬಿದ್ದಿದ್ದರು. ಅಕ್ಕ ನೀರಿನ ಕೊಡ ತೋರಿಸಿ ಕೈ ತಿರುಗಿಸಿದಳು, ಎಲ್ಲಿಂದ ತರ್ತೀ ಅಂತ. ಅಂಗಡಿಯಾಕೆ ಒಂದು ಕಪ್ಪು ಪೈಪು ತೋರಿಸಿದಳು. ಅದು ಕಂಬದ ಪಕ್ಕದಲ್ಲೇ ಹಾದು ಆಚೆ, ಭಾರತದ ಇಳಿಜಾರಿನ ಒಂದು ನೀರಿನ ಊಟೆಗೆ ಹೋಗಿತ್ತು.

ಅಕ್ಕ ನನ್ನ ಹೆಂಡತಿಗೆ ಅಂದಳು, ನನಗೆ ಕೇಳುವಷ್ಟು ಗಟ್ಟಿಯಾಗಿ: "ನೀರು ನಮ್ ದೇಶದ್ದಂತೆ, ಕುಡಿಯೋದು ಅವ್ರಂತೆ. ಈ ಊರಾಗೆ ಅಳೆಯೋರು ಯಾರೂ ಇಲ್ಲ ಕಾಣ್ತೈತೆ."

ಹೆಂಡತಿ ಚಹಾದ ಲೋಟದೊಳಗೆ ಮುಖ ಮುಚ್ಚಿಕೊಂಡಳು. ನನಗೆ ರೇಗಲಿಲ್ಲ. ಬೈದರೂ ಸಾಕು, ಇನ್ನಷ್ಟು ಬೈಯಲಿ ಅನ್ನಿಸಿತು.

ಬೆಳಗಿನ ಜಾವ ಜೀಪಿನವನು ಬಾಗಿಲು ಬಡಿದ. ಹೊರಗೆ ಬಂದರೆ ಮಂಜು ಇಲ್ಲ. ಒಂದು ಎಳೆಯೂ ಇಲ್ಲ. ಉತ್ತರದ ಇಡೀ ಆಕಾಶದಲ್ಲಿ, ಈ ತುದಿಯಿಂದ ಆ ತುದಿಗೆ, ಅದು ಮಲಗಿತ್ತು. ಮೊದಲು ಬೂದಿ ಬಣ್ಣ, ನೋಡುತ್ತಿದ್ದ ಹಾಗೆ ನೆತ್ತಿಗೆ ಕುಂಕುಮ ಹಚ್ಚಿದಂತಾಗಿ, ಆ ಕೆಂಪು ಕೆಳಗೆ ಇಳಿಯತೊಡಗಿತು. ನಮ್ಮ ಜಗಳೂರಿನ ಗುಡ್ಡಗಳನ್ನು ನಾನು ಗುಡ್ಡ ಅಂತ ಕರೆಯುತ್ತಿದ್ದೆನಲ್ಲ ಅಂತ ನಗು ಬಂತು. ಯಾರೂ ಮಾತಾಡಲಿಲ್ಲ, ಒಂದು ನಿಮಿಷ ಮಾತ್ರ. ಆಮೇಲೆ ನಮ್ಮವರು ನಮ್ಮವರೇ ತಾನೆ?

"ಬುದ್ಧ, ನೋಡ್ರಿ, ಬುದ್ಧ ಮಲಗ್ಯಾನೆ!" ಅಂದರು ಕಂಡಕ್ಟರು. ನಿಜವಾಗಿ ಎಡಗಡೆಯ ಶಿಖರ ಮುಖ, ನಡುವೆ ಕಾಂಚನಜುಂಗಾ ಹೊಟ್ಟೆ, ಬಲಗಡೆಗೆ ಪಾದ. ಆ ಕಡೆಯವರೂ ಹಾಗೇ ಕರೆಯುತ್ತಾರಂತೆ. ವ್ಯಾಪಾರಿ ಒಪ್ಪಲಿಲ್ಲ. "ಹಿಮಾಲಯದಾಗೆ ಇರೋನು ಶಿವ. ಜಟೆ ಕಾಣ್ವಲ್ದೇನ್ರಿ ನಿಮ್ಗೆ?" ಅಂದರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಜೀಪಿನವನು, ಮುಖದ ಹಾಗೆ ಕಾಣುವ ಆ ಶಿಖರದ ಹೆಸರು ಕುಂಭಕರ್ಣ ಅಂದ. ಇಬ್ಬರೂ ಬಾಯಿ ಮುಚ್ಚಿದರು. ಅಕ್ಕ ಮಾತ್ರ, "ಮಲಗಿರಾದು ನೋಡಿದ್ರೆ ಅದೇ ಸರಿ," ಅಂದಳು.

ನನಗೆ ತಡೆಯಲಾಗಲಿಲ್ಲ. "ಆ ಮುಖ ನೇಪಾಳದಲ್ಲಿ," ಅಂದೆ. "ಪಾದ ಭಾರತದಲ್ಲಿ. ಗಡಿ ಹಾದಿರೋದು ಹೊಟ್ಟೆ ಮೇಲೆ."

"ಹಂಗಾರೆ ಅವ್ನಿಗೆ ಎಲ್ಲಿ ಟಿಕೆಟ್ ಹರೀಬೇಕ್ರಿ?" ಅಂದರು ಕಂಡಕ್ಟರು. ಎಲ್ಲರೂ ನಕ್ಕರು. ಮೇಲೆ ಹತ್ತುವವರಲ್ಲಿ ಬಹಳ ಮಂದಿ ಶಿಖರಕ್ಕೆ ನಾಲ್ಕು ಹೆಜ್ಜೆ ಇರುವಾಗಲೇ ನಿಂತು ಇಳಿಯುತ್ತಾರೆ, ದೇವರ ನೆತ್ತಿ ತುಳಿಯುವುದಿಲ್ಲ ಅಂತ ಜೀಪಿನವನು ಹೇಳಿದ. ಅಲ್ಲಿಯವರೆಗೆ ಹೋಗಿ, ತಾವು ಗೆದ್ದದ್ದು ತಮಗೆ ಗೊತ್ತಿದ್ದೂ, ಕೊನೆಯ ನಾಲ್ಕು ಹೆಜ್ಜೆ ಇಡದೆ ಬರುವುದು. ನಾನು ಹನ್ನೊಂದು ಅಡಿಯನ್ನೂ ಬಿಟ್ಟವನಲ್ಲ. ನಕ್ಷೆ ಸುಳ್ಳಾಗದೆಯೂ ಕಲ್ಲನ್ನು ಮಣ್ಣಿನಲ್ಲೇ ಬಿಡಬಹುದಿತ್ತು ಅನ್ನುವುದು ಆ ಚಳಿಯಲ್ಲಿ ನಡುಗುತ್ತ ನಿಂತಾಗ ನನ್ನ ಮಂದ ತಲೆಗೆ ಹೊಳೆಯಿತು.

ಬೆನ್ನ ಮೇಲೆ ಏನೋ ಭಾರ ಬಿತ್ತು. ಅಕ್ಕ ತನ್ನ ಕಂಬಳಿಯ ಅರ್ಧವನ್ನು ನನ್ನ ಮೇಲೆ ಹೊದಿಸಿದ್ದಳು. ಇನ್ನರ್ಧ ಅವಳ ಮೇಲಿತ್ತು.

"ಬೆಚ್ಚಗೈತೆ," ಅಂದೆ. ಹನ್ನೊಂದು ವರ್ಷದ ಮೇಲೆ ನಾನು ಅವಳೊಂದಿಗೆ ಆಡಿದ ಮೊದಲ ಮಾತು ಅದು. ಇನ್ನೂ ಒಳ್ಳೆಯದು ಏನಾದರೂ ಹೊಳೆಯಬಹುದಿತ್ತು.

"ನಮ್ ಕುರಿ ಉಣ್ಣೆದು," ಅಂದಳು. "ಕಡೇ ಸಲ ಕತ್ತರಿಸಿದ್ದು."

"ಕಡೇ ಸಲ ಅಂದ್ರೆ?"

"ಮಾರಿದ್ವಲ್ಲೋ. ಕಲ್ಲು ನೆಟ್ಟ ಮರುವರ್ಷಾನೆ. ನಿಮ್ ಭಾವ ಕೊಡದಾಗೆ ಎಷ್ಟು ದಿನ ನೀರು ಹೊರ್ತಾರೆ?"

ನನಗೆ ಗೊತ್ತಿರಲಿಲ್ಲ. ಹೊಲದ ಕಡೆ ನಾನು ಹೋಗುವುದನ್ನೇ ಬಿಟ್ಟಿದ್ದೆ. ಹೆಂಡತಿಗೆ ಗೊತ್ತಿತ್ತು, ಹೇಳಬೇಡ ಅಂತ ಅಕ್ಕ ಮಾತು ತೆಗೆದುಕೊಂಡಿದ್ದಳಂತೆ. ಎದುರಿಗೆ ಕಾಂಚನಜುಂಗಾ ಪೂರ್ತಿ ಬೆಳಗಿತ್ತು. ಇಷ್ಟು ಸಂತೋಷವೂ ಇಷ್ಟು ಸಂಕಟವೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡಬೇಕು? "ತಪ್ಪಾತಕ್ಕ," ಅಂದೆ. "ತಂತಿ ಕೀಳಿಸ್ತೀನಿ."

ಅವಳು ಕಂಬಳಿಯ ಅಂಚನ್ನು ನನ್ನ ಹೆಗಲಿಗೆ ಎಳೆದಳು. ಆಮೇಲೆ, "ಮೊದ್ಲು ಆ ಮೂಗು ಒರೆಸ್ಕೋ," ಅಂದಳು.

ಪಶುಪತಿನಾಥನನ್ನು ನೋಡಿದೆವು. ಅಲ್ಲಿಂದ ಊರಿನವರೆಗೆ ನಾನು ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ಅಕ್ಕನ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟು ಹೆಂಡತಿ ಹಿಂದೆ ಹೋದಳು. ಹಾದಿಯಲ್ಲಿ ಕಂಡ ನದಿ, ಬೆಟ್ಟ ಎಲ್ಲದರ ಗಡಿಯನ್ನೂ ಅಕ್ಕನಿಗೆ ವಿವರಿಸಿದೆ. ಅವಳು ಹ್ಞೂಂ ಹ್ಞೂಂ ಅನ್ನುತ್ತಲೇ ನಿದ್ದೆ ಮಾಡಿದಳು.

ಊರಿಗೆ ಬಂದ ಎಂಟು ದಿನಕ್ಕೆ, ಒಂದು ಇಕ್ಕಳ ಹಿಡಿದು ಬಿಳಿಚೋಡಿಗೆ ಬಸ್ಸು ಹತ್ತಿದೆ. ಆಳಿಗೆ ಹೇಳಬಹುದಿತ್ತು, ಹೇಳಲಿಲ್ಲ. ಕೋರಿನವನು ಬಂದು, "ನಾನು ಕಿತ್ತಾಕ್ತೀನಿ ಬಿಡ್ರಿ," ಅಂದ. ಅವನನ್ನು ಬದಿಗೆ ಕೂರಿಸಿದೆ. ಬೆಳಗ್ಗಿನಿಂದ ತಂತಿ ಬಿಚ್ಚಿ ಬಿಚ್ಚಿ ಸುತ್ತಿದೆ, ಕೈಯೆಲ್ಲ ತರಚಿತು. ಬಾಂದುಕಲ್ಲನ್ನು ಕೀಳಲಿಲ್ಲ. ಗಡಿಕಲ್ಲು ಕೀಳುವುದು ಅಪರಾಧ, ಅದು ನನ್ನ ಕೈಯಿಂದ ಸತ್ತರೂ ಆಗದು. ಆ ವರ್ಷ ಮಳೆ ಚೆನ್ನಾಗಿತ್ತು, ದೊಣೆಯಲ್ಲಿ ಮುಕ್ಕಾಲು ನೀರಿತ್ತು.

ಬಿಸಿಲು ನೆತ್ತಿಗೆ ಬಂದಾಗ ಅಕ್ಕ ತನ್ನ ಹೊಲದ ಕಡೆಯಿಂದ ಬಂದಳು. ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಮುಂದೆ ಎರಡು ಕುರಿಮರಿ. ಹೋದ ಸಂತೆಯಲ್ಲಿ ಕೊಂಡದ್ದಂತೆ. ನನ್ನ ಟೇಪಿನಿಂದ ಎರಡನ್ನೂ ಒಟ್ಟಿಗೆ ಕಟ್ಟಿಕೊಂಡು ಬಂದಿದ್ದಳು. ನೋಡಿ ಹೊಟ್ಟೆ ಉರಿಯಿತು, ಒಳ್ಳೆಯ ಟೇಪು ಅದು. ಅವಳು ಗಂಟು ಬಿಚ್ಚಿದಳು. ಆ ಮರಿಗಳಿಗೆ ಅಲ್ಲಿ ಬೇಲಿ ಇದ್ದದ್ದು ಗೊತ್ತಿರಲಿಲ್ಲ. ಕಲ್ಲು ದಾಟಿ, ನನ್ನನ್ನೂ ದಾಟಿ, ನೆಟ್ಟಗೆ ದೊಣೆಗೆ ಹೋಗಿ ಬಾಯಿ ಹಾಕಿದವು.

ಅಕ್ಕ ತನ್ನ ಹೊಲದ ಬೇವಿನ ಮರದ ನೆರಳಲ್ಲಿ ಕೂತು ಬುಟ್ಟಿ ಬಿಚ್ಚಿದಳು. "ಬಾ, ಉಣ್ಣಾಕೆ," ಅಂದಳು. ನಾನು ಎದ್ದು ಹೋದೆ. ಕಲ್ಲಿನವರೆಗೆ ಹೋದೆ. ಅಲ್ಲಿ ಯಾಕೋ ಕಾಲು ಏಳಲಿಲ್ಲ. ಆ ಹೊಲದ ಮಣ್ಣು ತುಳಿದು ಹನ್ನೊಂದು ವರ್ಷವಾಗಿತ್ತು.

ಅಕ್ಕ ರೊಟ್ಟಿಯ ಮೇಲೆ ಪಲ್ಯ ಹಾಕುತ್ತ, ತಲೆ ಎತ್ತದೆ ಕೇಳಿದಳು: "ಯಾಕೋ, ಗುರುತಿನ ಚೀಟಿ ತಂದಿಲ್ಲೇನು?"

"ಇಲ್ಲಕ್ಕ. ಹೊನ್ನಾಳಿನಾಗೆ ಐತೆ."

"ಹಂಗೇ ಬಾ," ಅಂದಳು.